ಕಲ್ಲು ಕೊಡುವ ಲೆಕ್ಕ: ಕಾಂತೀಯ ಅನುರಣನದಿಂದ ತೈಲ ಪತ್ತೆ

ಮುಂಬಯಿಯಲ್ಲಿ ಇದ್ದುಕೊಂಡು ಬಾಂಬೆ ಹೈ ಹೆಸರು ಕೇಳದವರು ಇರಲಿಕ್ಕಿಲ್ಲ. ನಮ್ಮ ಈ ಊರಿನ ಪಶ್ಚಿಮಕ್ಕೆ ಸುಮಾರು 160 ಕಿಲೋಮೀಟರು ದೂರ, ನಡುಸಮುದ್ರದಲ್ಲಿ, 1974ರಲ್ಲಿ 'ಸಾಗರ್ ಸಾಮ್ರಾಟ್' ಎಂಬ ಕೊರೆಯುವ ವೇದಿಕೆ ಅಲ್ಲಿಯ ತೈಲವನ್ನು ಕಂಡುಹಿಡಿಯಿತು. 1976ರಲ್ಲಿ ಉತ್ಪಾದನೆ ಶುರುವಾಯಿತು. ಇದಿಷ್ಟು ಸಾಮಾನ್ಯ ಜ್ಞಾನದ ಪುಸ್ತಕದಲ್ಲೇ ಸಿಗುತ್ತದೆ. ಆದರೆ ಆ ಪುಸ್ತಕ ಕೇಳದ ಒಂದು ಪ್ರಶ್ನೆ ಇದೆ. ಬಾವಿ ಕೊರೆದದ್ದಾಯಿತು, ಸರಿ. ಒಂದು ಗೇಣು ಅಗಲದ ಆ ತೂತಿನ ಸುತ್ತ, ಸಾವಿರಾರು ಅಡಿ ಆಳದಲ್ಲಿ, ಕಲ್ಲಿನೊಳಗೆ ಇರುವುದು ಎಣ್ಣೆಯೋ ನೀರೋ ಅಂತ ಗೊತ್ತಾಗೋದು ಹೇಗೆ?

'ಎಣ್ಣೆ ಇದ್ದರೆ ತಾನಾಗಿಯೇ ಉಕ್ಕಿ ಬರುತ್ತದಲ್ಲ' ಎಂದು ನೀವು ಹೇಳಬಹುದು. ಸಿನಿಮಾದಲ್ಲಿ ಹಾಗೇ ತೋರಿಸುತ್ತಾರೆ. ನಿಜದಲ್ಲಿ ಹಾಗೆ ಉಕ್ಕದಂತೆ ನೋಡಿಕೊಳ್ಳುವುದೇ ಕೊರೆಯುವವರ ಮೊದಲ ಕೆಲಸ. ಉಕ್ಕಿದರೆ ಬೆಂಕಿ, ಅನಾಹುತ. ಅದಕ್ಕಾಗಿ ಬಾವಿಯ ತುಂಬ ಭಾರವಾದ ಕೆಸರುದ್ರವ ತುಂಬಿಸಿರುತ್ತಾರೆ. ಅದರ ಒತ್ತಡದಿಂದ ಕಲ್ಲಿನೊಳಗಿನದ್ದು ಹೊರಗೆ ಬರುವುದಿಲ್ಲ. ಆದ್ದರಿಂದ ಬಾವಿ ಕೊರೆದ ಮೇಲೂ ಎಣ್ಣೆ ಕಣ್ಣಿಗೆ ಕಾಣುವುದಿಲ್ಲ. ಯಾವುದಾದರೂ ಉಪಕರಣವನ್ನು ತಂತಿಗೆ ಕಟ್ಟಿ ಇಳಿಸಿ, ಕಲ್ಲನ್ನೇ ಕೇಳಬೇಕು.

ನಾನು ಕಾಮರ್ಸ್ ವಿದ್ಯಾರ್ಥಿ. ಹಾಗಿರುವಾಗ ಭೌತಶಾಸ್ತ್ರದ ವಿಷಯ ಬರೆಯುವ ಅಧಿಕಾರ ನಿನಗೇನಿದೆ ಎಂದು ವಿಜ್ಞಾನದ ಗೆಳೆಯರು ಕೇಳಬಹುದು. ಕೇಳಲಿ. ಈ ವಿಷಯ ಓದುತ್ತಾ ಹೋದ ಹಾಗೆ ಇದು ಕೊನೆಗೂ ಒಂದು ಜಮಾಖರ್ಚಿನ ಪ್ರಶ್ನೆ ಅಂತಲೇ ನನಗೆ ಕಂಡಿತು. ಅದನ್ನೇ ಇಲ್ಲಿ ಹೇಳಲು ಪ್ರಯತ್ನಿಸಿದ್ದೇನೆ.

ಕೆರೆ ಅಲ್ಲ, ನೆನೆದ ಇಟ್ಟಿಗೆ

ಮೊದಲು ಒಂದು ತಪ್ಪು ತಿಳುವಳಿಕೆ ಹೋಗಬೇಕು. ಭೂಮಿಯೊಳಗೆ ಎಣ್ಣೆ ಕೆರೆಯ ಹಾಗೆ ನಿಂತಿದೆ ಎಂದು ನಾನೂ ಎಸ್.ಎಸ್.ಎಲ್.ಸಿ.ವರೆಗೆ ನಂಬಿದ್ದೆ. ಹಾಗಿಲ್ಲ. ಒಂದು ಇಟ್ಟಿಗೆಯನ್ನು ರಾತ್ರಿಯೆಲ್ಲ ನೀರಿನಲ್ಲಿ ಹಾಕಿಡಿ. ಬೆಳಿಗ್ಗೆ ತೆಗೆದರೆ ಅದು ಇಟ್ಟಿಗೆಯೇ, ಆದರೆ ಹೊಟ್ಟೆತುಂಬ ನೀರು ಕುಡಿದಿರುತ್ತದೆ. ತೈಲ ಇರುವ ಬಂಡೆಯೂ ಹೀಗೆಯೇ. ಮರಳುಗಲ್ಲು, ಸುಣ್ಣಕಲ್ಲುಗಳ ಕಣಗಳ ನಡುವೆ ಕಣ್ಣಿಗೆ ಕಾಣದ ಸಣ್ಣ ರಂಧ್ರಗಳಿರುತ್ತವೆ. ಅವುಗಳಲ್ಲಿ ಉಪ್ಪುನೀರು, ಎಣ್ಣೆ, ಅನಿಲ ಸೇರಿಕೊಂಡಿರುತ್ತವೆ. ಎಣ್ಣೆ ಇರುವ ಕಡೆಯೂ ಸ್ವಲ್ಪ ನೀರು ಇದ್ದೇ ಇರುತ್ತದೆ.

ಆದ್ದರಿಂದ ಬಾವಿಯವರ ಪ್ರಶ್ನೆಗಳು ಮೂರು. ಒಂದು, ಬಂಡೆಯಲ್ಲಿ ರಂಧ್ರದ ಜಾಗ ಎಷ್ಟು? ಎರಡು, ಅದರಲ್ಲಿ ತುಂಬಿರುವುದು ಏನು? ಮೂರು, ತುಂಬಿರುವುದು ಹರಿದು ಬಾವಿಗೆ ಬರುತ್ತದೆಯೋ ಇಲ್ಲವೋ? ಈ ಮೂರನೆಯ ಪ್ರಶ್ನೆಯನ್ನು ಮರೆಯಬೇಡಿ. ನಮ್ಮ ಕಥೆಯ ಗಂಟು ಇರುವುದು ಅಲ್ಲೇ.

ಹಳೆಯ ವಿಧಾನ, ಅದರ ಕೊರತೆ

ಬಾವಿಯೊಳಗೆ ಉಪಕರಣ ಇಳಿಸಿ ಅಳೆಯುವುದಕ್ಕೆ 'ಲಾಗಿಂಗ್' ಎನ್ನುತ್ತಾರೆ. ಮೊದಲ ವಿದ್ಯುತ್ ಲಾಗ್ ತೆಗೆದದ್ದು 1927ರ ಸೆಪ್ಟೆಂಬರಿನಲ್ಲಿ, ಫ್ರಾನ್ಸಿನ ಅಲ್ಸಾಸ್ ಪ್ರಾಂತದ ಪೆಷೆಲ್‌ಬ್ರೋನ್ ಎಂಬ ತೈಲಕ್ಷೇತ್ರದಲ್ಲಿ. ಮಾಡಿಸಿದವರು ಶ್ಲುಂಬರ್ಜೆ ಸಹೋದರರು. ತತ್ವ ಬಹಳ ಸರಳ. ಉಪ್ಪುನೀರಿನಲ್ಲಿ ವಿದ್ಯುತ್ ಸುಲಭವಾಗಿ ಹರಿಯುತ್ತದೆ, ಎಣ್ಣೆಯಲ್ಲಿ ಹರಿಯುವುದಿಲ್ಲ. ಆದ್ದರಿಂದ ಬಂಡೆ ವಿದ್ಯುತ್ತಿಗೆ ಹೆಚ್ಚು ತಡೆ ಒಡ್ಡಿದರೆ ಎಣ್ಣೆ, ಕಡಿಮೆ ಒಡ್ಡಿದರೆ ನೀರು. 1942ರಲ್ಲಿ ಆರ್ಚಿ ಎಂಬ ಎಂಜಿನಿಯರ್ ಇದಕ್ಕೊಂದು ಸೂತ್ರ ಕೊಟ್ಟ. ತಡೆ ಅಳೆದು, ರಂಧ್ರದ ಜಾಗದಲ್ಲಿ ಶೇಕಡಾ ಎಷ್ಟು ನೀರಿದೆ ಎಂದು ಲೆಕ್ಕ ಹಾಕುವ ಸೂತ್ರ. ಇಂದಿಗೂ ಅದು ಬಳಕೆಯಲ್ಲಿದೆ.

ರಂಧ್ರದ ಜಾಗ ಅಳೆಯಲು ವಿಕಿರಣ ಸೂಸುವ ವಸ್ತುಗಳನ್ನು ಇಳಿಸುವ ಪದ್ಧತಿ ಬಂತು. ಅದೂ ಇವತ್ತಿಗೂ ಇದೆ. ಆದರೆ ಅದಕ್ಕೆ ಎರಡು ತೊಂದರೆ. ಬಂಡೆ ಮರಳುಗಲ್ಲೋ ಸುಣ್ಣಕಲ್ಲೋ ಎಂದು ಮೊದಲೇ ಗೊತ್ತಿರಬೇಕು, ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ. ಇನ್ನೊಂದು, ಉಪಕರಣ ಬಾವಿಯಲ್ಲಿ ಸಿಕ್ಕಿಬಿದ್ದರೆ ವಿಕಿರಣವಸ್ತುವೂ ಅಲ್ಲೇ ಉಳಿಯಿತು; ಅದನ್ನು ತೆಗೆಯುವುದು, ತೆಗೆಯಲಾಗದಿದ್ದರೆ ಭದ್ರವಾಗಿ ಮುಚ್ಚುವುದು ದೊಡ್ಡ ತಲೆನೋವು.

ಇವೆಲ್ಲಕ್ಕಿಂತ ದೊಡ್ಡ ಕೊರತೆ ಬೇರೆ ಇದೆ. ವಿದ್ಯುತ್ ಲಾಗ್ ಎಷ್ಟು ನೀರಿದೆ ಅಂತ ಹೇಳುತ್ತದೆ. ಆ ನೀರು ಹರಿಯುವ ನೀರೋ, ಕಲ್ಲಿಗೆ ಅಂಟಿ ಕೂತ ನೀರೋ ಎಂದು ಹೇಳುವುದಿಲ್ಲ. ಜೇಡಿಯೂ ಬಹಳ ಸಣ್ಣ ರಂಧ್ರಗಳೂ ಇರುವ ಬಂಡೆಯಲ್ಲಿ ನೀರು ಗೋಡೆಗೆ ಅಂಟಿಕೊಂಡೇ ಇರುತ್ತದೆ, ಎಷ್ಟು ಪಂಪು ಹೊಡೆದರೂ ಬರುವುದಿಲ್ಲ. ಆದರೆ ವಿದ್ಯುತ್ ಮಾತ್ರ ಅದರಲ್ಲಿ ಸಲೀಸಾಗಿ ಹರಿದು ಹೋಗುತ್ತದೆ. ಲಾಗ್ ನೋಡಿದವರು 'ಬರೀ ನೀರು' ಎಂದು ತೀರ್ಮಾನಿಸಿ ಆ ಪದರವನ್ನು ಬಿಟ್ಟುಬಿಡುವ ಸಂಭವ ಉಂಟು. ಪಕ್ಕದಲ್ಲೇ ದೊಡ್ಡ ರಂಧ್ರಗಳಲ್ಲಿ ಶುದ್ಧ ಎಣ್ಣೆ ಕಾದಿರುತ್ತದೆ. ಕಡಿಮೆ ತಡೆಯ ತೈಲಪದರಗಳೆಂದು ಇವಕ್ಕೆ ಹೆಸರೇ ಇದೆ.

ಬುಗುರಿಗಳ ಪಾಠ

ಈಗ ಕಾಂತೀಯ ಅನುರಣನಕ್ಕೆ ಬರೋಣ. ಹೈಸ್ಕೂಲಿನಲ್ಲಿ ಅನುರಣನ ಎಂದು ಕಲಿತದ್ದನ್ನೇ ಇಲ್ಲಿ ರೆಸೊನೆನ್ಸ್ ಎನ್ನುತ್ತಾರೆ. ಉಯ್ಯಾಲೆ ತೂಗುವಾಗ ಅದರ ಓಟಕ್ಕೆ ಸರಿಯಾಗಿ ತಳ್ಳಿದರೆ ಸ್ವಲ್ಪ ಬಲದಲ್ಲೇ ಅದು ಮೇಲೆ ಹೋಗುತ್ತದೆ, ಹೊತ್ತುಗೊತ್ತಿಲ್ಲದೆ ತಳ್ಳಿದರೆ ಏನೂ ಆಗುವುದಿಲ್ಲ. ಅಷ್ಟೇ ಅನುರಣನ.

ನೀರಿನಲ್ಲೂ ಎಣ್ಣೆಯಲ್ಲೂ ಜಲಜನಕ ಇದೆ. ಜಲಜನಕದ ಬೀಜ ಎಂದರೆ ಒಂದೇ ಒಂದು ಪ್ರೋಟಾನು. ಅದು ತಿರುಗುವ ಬುಗುರಿಯ ಹಾಗೆ, ಜೊತೆಗೆ ಒಂದು ಪುಟ್ಟ ಅಯಸ್ಕಾಂತವೂ ಹೌದು. ಬುಗುರಿ ವಾಲಿದಾಗ ಬೀಳದೆ, ತಲೆ ತೂಗುತ್ತಾ ವೃತ್ತಾಕಾರವಾಗಿ ಸುತ್ತುತ್ತದಲ್ಲ, ಹಾಗೆಯೇ ಅಯಸ್ಕಾಂತ ಕ್ಷೇತ್ರದಲ್ಲಿ ಪ್ರೋಟಾನು ಸುತ್ತುತ್ತದೆ. ಎಷ್ಟು ಬೇಗ ಸುತ್ತುತ್ತದೆ ಎಂಬುದು ಕ್ಷೇತ್ರದ ಬಲಕ್ಕೆ ತಕ್ಕ ಹಾಗೆ. ಒಂದು ಟೆಸ್ಲಾ, ಎಂದರೆ 10,000 ಗೌಸ್ ಕ್ಷೇತ್ರದಲ್ಲಿ ಸೆಕೆಂಡಿಗೆ ಸುಮಾರು 4 ಕೋಟಿ 26 ಲಕ್ಷ ಸುತ್ತು. ಭೂಮಿಯ ಕ್ಷೇತ್ರ ಸುಮಾರು ಅರ್ಧ ಗೌಸ್. ಅದರಲ್ಲಿ ಸೆಕೆಂಡಿಗೆ 2,100 ಚಿಲ್ಲರೆ. ಅದೇ ವೇಗದ ರೇಡಿಯೋ ಅಲೆ ಹಾಯಿಸಿದರೆ ಪ್ರೋಟಾನುಗಳು ಪಕ್ಕಕ್ಕೆ ಮಲಗಿ, ಒಟ್ಟಿಗೆ ಸುತ್ತುತ್ತಾ, ಸುರುಳಿತಂತಿಯಲ್ಲಿ ಸಣ್ಣ ವಿದ್ಯುತ್ ಸಂಕೇತ ಹುಟ್ಟಿಸುತ್ತವೆ. ಇದನ್ನು ದ್ರವ, ಘನ ವಸ್ತುಗಳಲ್ಲಿ 1946ರಲ್ಲಿ ಪ್ರಕಟಿಸಿದವರು ಅಮೆರಿಕದ ಫೆಲಿಕ್ಸ್ ಬ್ಲಾಖ್ ಮತ್ತು ಎಡ್ವರ್ಡ್ ಪರ್ಸೆಲ್. ಇಬ್ಬರೂ ಬೇರೆ ಬೇರೆ ವಿಶ್ವವಿದ್ಯಾಲಯಗಳಲ್ಲಿ, ಬೇರೆ ಬೇರೆಯಾಗಿ ಕಂಡುಕೊಂಡರು. 1952ರ ನೊಬೆಲ್ ಬಹುಮಾನ ಇಬ್ಬರಿಗೂ ಸೇರಿ ಬಂತು.

ಇಲ್ಲಿ ಗಮನಿಸಬೇಕಾದ ಮಾತು: ಮರಳು, ಸುಣ್ಣಕಲ್ಲಿನ ಘನಭಾಗದಲ್ಲಿ ಜಲಜನಕ ಇಲ್ಲ. ಜೇಡಿಯ ಹರಳಿನೊಳಗೆ ಬಂಧಿಯಾದ ಜಲಜನಕದ ಸಂಕೇತ ನಾವು ಕೇಳುವಷ್ಟರಲ್ಲಿ ಸತ್ತೇಹೋಗಿರುತ್ತದೆ. ಆದ್ದರಿಂದ ಉತ್ತರ ಕೊಡುವುದು ದ್ರವ ಮಾತ್ರ, ಕಲ್ಲು ಬಾಯಿ ಬಿಡುವುದಿಲ್ಲ. ಉಪಕರಣವನ್ನು ಇಳಿಸುವ ಮೊದಲು ನೀರಿನ ತೊಟ್ಟಿಯಲ್ಲಿಟ್ಟು ಬರುವ ಸಂಕೇತವನ್ನು 100 ಎಂದು ಗುರುತಿಟ್ಟುಕೊಂಡರೆ, ಬಾವಿಯಲ್ಲಿ 20 ಬಂದಲ್ಲಿ ರಂಧ್ರ ಶೇಕಡಾ 20 ಎಂದು ತಿಳಿಯಬಹುದು. ಬಂಡೆ ಯಾವ ಜಾತಿಯದ್ದೆಂದು ವಿಚಾರಿಸುವ ಗೊಡವೆಯೇ ಇಲ್ಲ. ವಿಕಿರಣವಸ್ತುವೂ ಬೇಡ.

ಅಯಸ್ಕಾಂತವನ್ನು ರೋಗಿಯೊಳಗೆ ಇಳಿಸಿದ್ದು

ಆಸ್ಪತ್ರೆಯ ಎಂ.ಆರ್.ಐ. ಯಂತ್ರವೂ ಇದೇ ತತ್ವದ್ದು. ಅಲ್ಲಿ ರೋಗಿಯನ್ನು ಅಯಸ್ಕಾಂತದೊಳಗೆ ಮಲಗಿಸುತ್ತಾರೆ. ಭೂಮಿಯನ್ನು ಯಾವ ಅಯಸ್ಕಾಂತದೊಳಗೆ ಮಲಗಿಸುವುದು? ಉಲ್ಟಾ ಮಾಡಬೇಕು, ಅಯಸ್ಕಾಂತವನ್ನೇ ಭೂಮಿಯೊಳಗೆ ಇಳಿಸಬೇಕು.

ಮೊದಲಿನವರು ಭೂಮಿಯ ಕ್ಷೇತ್ರವನ್ನೇ ನಂಬಿದರು. 1948ರಲ್ಲೇ ರಸೆಲ್ ವೇರಿಯನ್ ಭೂಮಿಯ ಕ್ಷೇತ್ರದಲ್ಲಿ ಪ್ರೋಟಾನು ಸುತ್ತುವ ಸಂಕೇತ ಹಿಡಿಯುವ ಬಗ್ಗೆ ಪೇಟೆಂಟಿಗೆ ಅರ್ಜಿ ಹಾಕಿದ್ದ. 1950ರ ದಶಕದಲ್ಲಿ ಕ್ಯಾಲಿಫೋರ್ನಿಯದ ತೈಲಕಂಪನಿಯ ಪ್ರಯೋಗಾಲಯದಲ್ಲಿ ರಾಬರ್ಟ್ ಬ್ರೌನ್ ಮತ್ತು ಜೊತೆಗಾರರು ಇದನ್ನು ಬಾವಿಗೆ ತಂದರು. 1960ರ ಹೊತ್ತಿಗೆ ಲಾಗ್ ತೆಗೆದು ಪ್ರಕಟಿಸಿದರು. ಆದರೆ ಒಂದು ಪೇಚಾಟ. ಬಾವಿಯೊಳಗಿನ ಕೆಸರಿನಲ್ಲೂ ನೀರಿದೆಯಲ್ಲ, ಅದರ ಕೂಗೇ ಜೋರು, ಕಲ್ಲಿನೊಳಗಿನ ದನಿ ಕೇಳಿಸದು. ಅದನ್ನು ಬಾಯಿ ಮುಚ್ಚಿಸಲು ಬಾವಿಯ ಕೆಸರಿಗೆಲ್ಲ ಮ್ಯಾಗ್ನೆಟೈಟ್ ಪುಡಿ ಬೆರೆಸಬೇಕಿತ್ತು. ಖರ್ಚು, ಸಮಯ, ಕಿರಿಕಿರಿ. ಅದೂ ಅಲ್ಲದೆ ಸ್ವಿಚ್ ಆರಿಸಿ ಕೇಳಲು ಶುರುಮಾಡುವಷ್ಟರಲ್ಲಿ ಇಪ್ಪತ್ತು ಮೂವತ್ತು ಮಿಲಿಸೆಕೆಂಡು ಕಳೆದು, ಸಣ್ಣ ರಂಧ್ರಗಳ ಸಂಕೇತ ಮುಗಿದೇ ಹೋಗುತ್ತಿತ್ತು.

1978ರಲ್ಲಿ ಅಮೆರಿಕದ ಲಾಸ್ ಅಲಾಮೋಸ್ ಪ್ರಯೋಗಾಲಯದ ಜಾಸ್ಪರ್ ಜಾಕ್ಸನ್ ಬೇರೆ ದಾರಿ ಯೋಚಿಸಿದ. ಎರಡು ಅಯಸ್ಕಾಂತಗಳನ್ನು ಒಂದೇ ಜಾತಿಯ ಧ್ರುವಗಳು ಎದುರುಬದುರಾಗುವಂತೆ ಇಟ್ಟರೆ, ಅವುಗಳಿಂದ ಸ್ವಲ್ಪ ದೂರದಲ್ಲಿ, ಬಳೆಯಾಕಾರದ ಒಂದು ಜಾಗದಲ್ಲಿ ಕ್ಷೇತ್ರ ಒಂದೇ ಸಮನಾಗಿರುತ್ತದೆ. ಆ ಬಳೆ ಬೀಳುವುದು ಬಾವಿಯೊಳಗಲ್ಲ, ಬಾವಿಯಾಚೆಯ ಕಲ್ಲಿನಲ್ಲಿ. ರೇಡಿಯೋ ಅಲೆಯನ್ನು ಅಲ್ಲಿಯ ಕ್ಷೇತ್ರಕ್ಕೆ ಸರಿಹೊಂದಿಸಿದರೆ ಉತ್ತರ ಬರುವುದು ಅಲ್ಲಿಂದ ಮಾತ್ರ, ಕೆಸರು ಸುಮ್ಮನಿರುತ್ತದೆ. ಮ್ಯಾಗ್ನೆಟೈಟ್ ಪುಡಿಯ ರಗಳೆ ತಪ್ಪಿತು.

ಜಾಕ್ಸನ್ನನ ಜೋಡಣೆಯಲ್ಲಿ ಸಂಕೇತ ಬಹಳ ಕ್ಷೀಣವಾಗಿತ್ತು. 1983ರಲ್ಲಿ ಹುಟ್ಟಿದ ನ್ಯೂಮಾರ್ ಎಂಬ ಕಂಪನಿ ಅಯಸ್ಕಾಂತದ ವಿನ್ಯಾಸ ಬದಲಿಸಿ 1990ರ ದಶಕದ ಆರಂಭದಲ್ಲಿ ಉಪಕರಣವನ್ನು ಮಾರುಕಟ್ಟೆಗೆ ತಂದಿತು. ಶ್ಲುಂಬರ್ಜೆ ಕಂಪನಿಯದ್ದು ಅದೇ ದಶಕದ ನಡುವೆ ಬಂತು. 1997ರಲ್ಲಿ ನ್ಯೂಮಾರನ್ನು ಹ್ಯಾಲಿಬರ್ಟನ್ ಕೊಂಡಿತು. ಪೇಟೆಂಟಿನಿಂದ ಮಾರುಕಟ್ಟೆಗೆ ನಲವತ್ತು ವರ್ಷ ದಾಟಿತು! ಬಂಡವಾಳ ಹೂಡಿದವರ ತಾಳ್ಮೆಯನ್ನು ನಮ್ಮ ಕಾಮರ್ಸಿನವರು ಗಮನಿಸಬೇಕು.

ಸಂಕೇತ ಎಷ್ಟು ಸೂಕ್ಷ್ಮ ಎಂದರೆ, 500 ಗೌಸ್ ಕ್ಷೇತ್ರದಲ್ಲಿ, ನಾವು ಕೂತಿರುವ ಕೋಣೆಯ ಉಷ್ಣತೆಯಲ್ಲಿ, ಕೋಟಿ ಪ್ರೋಟಾನುಗಳಿಗೆ ಒಂದೆರಡು ಮಾತ್ರ ಹೆಚ್ಚಾಗಿ ಕ್ಷೇತ್ರದ ಕಡೆಗೆ ವಾಲಿರುತ್ತವೆ. ಉಳಿದವು ಒಂದಕ್ಕೊಂದು ವಜಾ ಆಗಿಬಿಡುತ್ತವೆ. ಆ ಒಂದೆರಡರ ದನಿಯನ್ನು ಕೇಳುವುದೇ ಈ ವಿದ್ಯೆ.

ಓಣಿಯ ನೀರು, ಮೈದಾನದ ನೀರು

ದನಿ ಎಷ್ಟು ಜೋರು ಎಂಬುದು ದ್ರವದ ಪ್ರಮಾಣ ಹೇಳಿತು. ದನಿ ಎಷ್ಟು ಹೊತ್ತಿನಲ್ಲಿ ಅಡಗುತ್ತದೆ ಎಂಬುದು ಇನ್ನೂ ದೊಡ್ಡ ವಿಷಯ ಹೇಳುತ್ತದೆ. ಈ ಅಡಗುವ ಕಾಲಕ್ಕೆ 'ಟೀ-ಟು' ಎನ್ನುತ್ತಾರೆ.

ಮಲಗಿಸಿದ ಪ್ರೋಟಾನುಗಳು ಮೊದಲು ಎನ್.ಸಿ.ಸಿ. ಪೆರೇಡಿನಂತೆ ಹೆಜ್ಜೆ ಕೂಡಿಸಿ ಸುತ್ತುತ್ತವೆ. ಕ್ಷೇತ್ರ ಎಲ್ಲ ಕಡೆ ಸರಿಸಮ ಇರದ ಕಾರಣ ಕೆಲವು ಮುಂದೆ, ಕೆಲವು ಹಿಂದೆ ಆಗುತ್ತವೆ. ಇದು ಉಪಕರಣದ ದೋಷ, ಕಲ್ಲಿನ ಗುಣ ಅಲ್ಲ. 1950ರಲ್ಲಿ ಎರ್ವಿನ್ ಹಾನ್ ಇದಕ್ಕೆ ಉಪಾಯ ಕಂಡುಹಿಡಿದ. ಓಟದ ಪಂದ್ಯದಲ್ಲಿ ಒಂದು ನಿಮಿಷಕ್ಕೆ ಸೀಟಿ ಊದಿ ಎಲ್ಲರನ್ನೂ ಹಿಂದಕ್ಕೆ ತಿರುಗಿಸಿದರೆ, ವೇಗದವನೂ ನಿಧಾನದವನೂ ಇನ್ನೊಂದು ನಿಮಿಷಕ್ಕೆ ಹೊರಟ ಗೆರೆಗೆ ಒಟ್ಟಿಗೆ ಬಂದು ಸೇರುತ್ತಾರೆ ಅಲ್ಲವೇ? ಹಾಗೆಯೇ ಇನ್ನೊಂದು ರೇಡಿಯೋ ಹೊಡೆತ ಕೊಟ್ಟರೆ ಪ್ರೋಟಾನುಗಳು ಮತ್ತೆ ಕೂಡಿ ಪ್ರತಿಧ್ವನಿ ಕೊಡುತ್ತವೆ. ಸೀಟಿಯ ಮೇಲೆ ಸೀಟಿ ಊದುತ್ತಾ ಹೋದರೆ ನೂರಾರು ಪ್ರತಿಧ್ವನಿಗಳ ಸಾಲು ಸಿಗುತ್ತದೆ. ಆ ಸಾಲು ನಿಧಾನವಾಗಿ ಕುಗ್ಗುವುದು ಮಾತ್ರ ಕಲ್ಲು ಮತ್ತು ದ್ರವದ ನಿಜವಾದ ಗುಣ.

ಯಾಕೆ ಕುಗ್ಗುತ್ತದೆ? ನೀರಿನ ಅಣುಗಳು ಸುಮ್ಮನೆ ಕೂರುವುದಿಲ್ಲ, ಅಲೆಯುತ್ತಿರುತ್ತವೆ. ಅಲೆಯುತ್ತಾ ರಂಧ್ರದ ಗೋಡೆಗೆ ತಗುಲಿದಾಗ ಪ್ರೋಟಾನು ತನ್ನ ಹೆಜ್ಜೆ ಮರೆಯುತ್ತದೆ. ಚಾಳಿನ ಇಕ್ಕಟ್ಟು ಓಣಿಯಲ್ಲಿ ಕಣ್ಣು ಕಟ್ಟಿ ನಡೆದರೆ ಎರಡು ಹೆಜ್ಜೆಗೆ ಗೋಡೆ. ಆಜಾದ್ ಮೈದಾನದಲ್ಲಿ ನಡೆದರೆ ಬಹಳ ಹೊತ್ತು ಏನೂ ತಗುಲದು. ಹಾಗೆಯೇ ಸಣ್ಣ ರಂಧ್ರದ ನೀರಿನ ದನಿ ಕೆಲವೇ ಮಿಲಿಸೆಕೆಂಡಿನಲ್ಲಿ ಅಡಗುತ್ತದೆ, ದೊಡ್ಡ ರಂಧ್ರದ್ದು ನೂರಾರು ಮಿಲಿಸೆಕೆಂಡು ಬಾಳುತ್ತದೆ. ಸಣ್ಣ ರಂಧ್ರದ ನೀರು ಅಂಟಿಕೊಂಡ ನೀರು, ದೊಡ್ಡ ರಂಧ್ರದ್ದು ಹರಿಯುವ ದ್ರವ. ಮರಳುಗಲ್ಲಿನಲ್ಲಿ ಇವೆರಡರ ನಡುವಿನ ಗಡಿ ವಾಡಿಕೆಯಲ್ಲಿ 33 ಮಿಲಿಸೆಕೆಂಡು. ಸುಣ್ಣಕಲ್ಲಿನಲ್ಲಿ ಸುಮಾರು 90ರಿಂದ 100. ಬಾಂಬೆ ಹೈಯ ಮುಖ್ಯ ತೈಲಬಂಡೆ ಸುಣ್ಣಕಲ್ಲೇ. ಸುಣ್ಣಕಲ್ಲಿನ ರಂಧ್ರಗಳು ಅಂಕೆಗೆ ಸಿಗದವು. ಅಂಥ ಕಡೆ ವಾಡಿಕೆಯ ಅಂಕಿ ನಂಬದೆ, ಬಂಡೆಯ ತುಂಡು ತಂದು ಪ್ರಯೋಗಾಲಯದಲ್ಲಿ ಗಡಿ ಗೊತ್ತುಮಾಡಿಕೊಳ್ಳಬೇಕು.

ಇನ್ನು ಲೆಕ್ಕ

ಈಗ ಒಂದು ಲೆಕ್ಕ ಬಿಡಿಸೋಣ. ಅಂಕಿಗಳು ಕಲಿಕೆಗಾಗಿ ನಾನೇ ಇಟ್ಟುಕೊಂಡವು. ಒಂದು ಘನ ಮೀಟರು ಮರಳುಗಲ್ಲು ಅಂದರೆ 1000 ಲೀಟರು ಜಾಗ. ರಂಧ್ರ ಶೇಕಡಾ 20, ಎಂದರೆ 200 ಲೀಟರು. ವಿದ್ಯುತ್ ಲಾಗ್ ಪ್ರಕಾರ ಅದರಲ್ಲಿ ಶೇಕಡಾ 60 ನೀರು, ಅಂದರೆ 120 ಲೀಟರು. ಉಳಿದ 80 ಲೀಟರು ಎಣ್ಣೆ. ಇಂಥವೇ ಎರಡು ಪದರಗಳಿವೆ ಎನ್ನಿ, ಹೆಸರು 'ಅ' ಮತ್ತು 'ಆ'. ವಿದ್ಯುತ್ ಲಾಗಿಗೆ ಎರಡೂ ಒಂದೇ. ನೀರು ಹೆಚ್ಚು, ಬೇಡ ಎಂದು ಎರಡನ್ನೂ ತಳ್ಳಿಹಾಕಬಹುದು.

ಈಗ ಕಾಂತೀಯ ಲಾಗ್ ನೋಡಿ. ಪದರ 'ಅ'ದಲ್ಲಿ 33 ಮಿಲಿಸೆಕೆಂಡಿಗಿಂತ ಮೊದಲೇ ಅಡಗಿದ ಪಾಲು 120 ಲೀಟರು. ಅಂದರೆ ಇರುವ 120 ಲೀಟರು ನೀರೂ ಅಂಟಿ ಕೂತದ್ದೇ. ಹರಿಯುವ 80 ಲೀಟರು ಪೂರ್ತಿ ಎಣ್ಣೆ. ಬಾವಿಗೆ ನೀರೇ ಬಾರದು! ಪದರ 'ಆ'ದಲ್ಲಿ ಬೇಗ ಅಡಗಿದ್ದು 50 ಲೀಟರು ಮಾತ್ರ. 120ರಲ್ಲಿ 50 ಕಳೆದರೆ 70 ಲೀಟರು ಹರಿಯುವ ನೀರು. ಇದನ್ನು ತೆರೆದರೆ ಎಣ್ಣೆಯ ಜೊತೆಗೆ ನೀರೂ ಧಾರಾಳ. ಒಂದೇ ಅಂಕಿ, ಎರಡು ಹಣೆಬರಹ.

ನಮ್ಮ ಶಾಸ್ತ್ರದಲ್ಲಿ ಹೇಳುವುದಾದರೆ, ವಿದ್ಯುತ್ ಲಾಗ್ ಒಟ್ಟು ಆಸ್ತಿ ಮತ್ತು ಒಟ್ಟು ಸಾಲ ಹೇಳಿತು. ಸಾಲಗಾರ ನಾಳೆ ಬಾಗಿಲು ತಟ್ಟುವವನೋ, ಎಂದೂ ಬಾರದವನೋ ಎಂದು ಹೇಳಿದ್ದು ಕಾಂತೀಯ ಲಾಗ್. ಅಂಗಡಿ ಮುಚ್ಚಬೇಕೋ ನಡೆಸಬೇಕೋ ಎಂಬುದು ಆ ಎರಡನೆಯ ಮಾತಿನ ಮೇಲೆ ನಿಂತಿದೆ.

ಎಣ್ಣೆಯನ್ನೇ ನೇರವಾಗಿ ಗುರುತಿಸಲೂ ಉಪಾಯಗಳಿವೆ. ಸಾಮಾನ್ಯವಾಗಿ ಗೋಡೆಗೆ ಅಂಟುವುದು ನೀರು. ಎಣ್ಣೆ ರಂಧ್ರದ ನಡುವೆ ಇರುತ್ತದೆ. ಗೋಡೆ ತಗುಲದ ಕಾರಣ ಅದರ ದನಿ ಅಡಗುವುದು ಅದರ ಸ್ವಂತ ಸ್ನಿಗ್ಧತೆಗೆ ತಕ್ಕ ಹಾಗೆ. ತೆಳು ಎಣ್ಣೆ ಬಹಳ ಹೊತ್ತು, ಮಂದ ಎಣ್ಣೆ ಸ್ವಲ್ಪ ಹೊತ್ತು. ಇನ್ನೊಂದು, ನೀರಿನ ಅಣು ಚುರುಕಾಗಿ ಅಲೆಯುತ್ತದೆ, ದಪ್ಪ ಎಣ್ಣೆಯದ್ದು ಸೋಮಾರಿ. ಸೀಟಿಗಳ ನಡುವಿನ ಅಂತರ ಹೆಚ್ಚಿಸಿದರೆ, ಅಷ್ಟರಲ್ಲಿ ಜಾಗ ಬದಲಿಸಿದ ನೀರಿನ ಪ್ರೋಟಾನುಗಳು ಗೆರೆಗೆ ಸರಿಯಾಗಿ ವಾಪಸು ಬರಲಾರವು. ನೀರಿನ ದನಿ ಬೇಗ ಕುಗ್ಗಿ ಎಣ್ಣೆಯದ್ದು ಉಳಿಯುತ್ತದೆ.

ಮಿತಿಗಳು

ಇಷ್ಟು ಹೊಗಳಿದ ಮೇಲೆ ದೋಷಗಳನ್ನೂ ಹೇಳದಿದ್ದರೆ ಲೆಕ್ಕಪರಿಶೋಧನೆ ಪೂರ್ತಿಯಾಗದು. ಈ ಉಪಕರಣ ಬಾವಿಗೋಡೆಯಿಂದ ಕೆಲವೇ ಅಂಗುಲ ಒಳಗೆ ನೋಡಬಲ್ಲದು. ಅಲ್ಲಿ ಕೆಸರಿನ ದ್ರವ ಒಳನುಗ್ಗಿ ಎಣ್ಣೆಯನ್ನು ಹಿಂದೆ ತಳ್ಳಿರುವ ಸಂಭವ ಇದೆ. ಬಹಳ ಮಂದವಾದ, ಡಾಂಬರಿನಂಥ ಎಣ್ಣೆಯ ದನಿಯೂ ಬೇಗ ಅಡಗುವುದರಿಂದ ಅದು ಅಂಟಿದ ನೀರಿನ ವೇಷದಲ್ಲಿ ಮೋಸ ಮಾಡಬಹುದು. ಕೆಲವು ಬಂಡೆಗಳಲ್ಲಿ ಗೋಡೆಗೆ ಎಣ್ಣೆಯೇ ಅಂಟಿರುತ್ತದೆ, ಅಲ್ಲಿ ಮೇಲಿನ ಲೆಕ್ಕ ತಲೆಕೆಳಗು. ಆದ್ದರಿಂದ ಇದನ್ನು ಒಂಟಿಯಾಗಿ ನಂಬದೆ ಬೇರೆ ಲಾಗುಗಳ ಜೊತೆಗಿಟ್ಟು ಓದುತ್ತಾರೆ.

ಮತ್ತೊಂದು, ಅವಸರ ಕೂಡದು. ಪ್ರೋಟಾನುಗಳು ಕ್ಷೇತ್ರಕ್ಕೆ ವಾಲಲು ಸಮಯ ಬೇಕು, ತೆಳು ಎಣ್ಣೆಗೆ ಕೆಲವು ಸೆಕೆಂಡುಗಳೇ ಬೇಕು. ಉಪಕರಣವನ್ನು ಬೇಗ ಎಳೆದರೆ ವಾಲಿರದ ಹೊಸ ಪ್ರೋಟಾನುಗಳು ಎದುರು ಬಂದು ಲೆಕ್ಕ ಕಡಿಮೆ ಬರುತ್ತದೆ. ಈ ಮಾತು ಓದುವಾಗ ನಮಗೆ ಹೆಮ್ಮೆಯ ಒಂದು ಸಂಗತಿ ಸಿಕ್ಕಿತು. ಅಳೆಯುವ ಜಾಗಕ್ಕೆ ಹೊಸ ಪ್ರೋಟಾನುಗಳು ಹರಿದು ಬಂದರೆ ಸಂಕೇತ ಬದಲಾಗುತ್ತದೆ ಎಂಬುದನ್ನು, ಹರಿಯುವ ದ್ರವಗಳ ಮೇಲೆ ಪ್ರಯೋಗ ಮಾಡಿ, 1951ರಷ್ಟು ಹಿಂದೆಯೇ ಪ್ರಕಟಿಸಿದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿ. ಸೂರ್ಯನ್. ಅವರ ಪ್ರಯೋಗದಲ್ಲಿ ಹರಿದದ್ದು ದ್ರವ, ಬಾವಿಯಲ್ಲಿ ಚಲಿಸುವುದು ಉಪಕರಣ. ಪ್ರೋಟಾನಿಗೆ ಎರಡೂ ಒಂದೇ.

ಕೊನೆಯ ಮಾತು

ನಮ್ಮ ದೇಶ ತನಗೆ ಬೇಕಾದ ಕಚ್ಚಾತೈಲದಲ್ಲಿ ಶೇಕಡಾ 80ಕ್ಕಿಂತ ಹೆಚ್ಚನ್ನು ಹೊರಗಿನಿಂದ ಕೊಳ್ಳುತ್ತದೆ. ಬಾವಿ ಕೊರೆಯಲು ಸುರಿದ ಹಣ ಎಣ್ಣೆ ಸಿಕ್ಕರೂ ಸಿಗದಿದ್ದರೂ ಖರ್ಚಾದದ್ದೇ, ಅದು ವಾಪಸು ಬಾರದು. ಆ ಹಣದಿಂದ ಕೊಂಡದ್ದು ಒಂದು ತೂತನ್ನಲ್ಲ, ಒಂದು ಉತ್ತರವನ್ನು. ತಪ್ಪು ಉತ್ತರ ಓದಿ ಪದರವನ್ನು ಸಿಮೆಂಟಿನಿಂದ ಮುಚ್ಚಿಬಿಟ್ಟರೆ ನಷ್ಟ ಯಾವ ಪುಸ್ತಕದಲ್ಲೂ ನಮೂದಾಗುವುದಿಲ್ಲ. ಯಾಕೆಂದರೆ ಅಲ್ಲಿ ಎಣ್ಣೆ ಇತ್ತೆಂದೇ ಯಾರಿಗೂ ಗೊತ್ತಿರುವುದಿಲ್ಲ. ಲೆಕ್ಕಕ್ಕೆ ಬಾರದ ನಷ್ಟವೇ ದೊಡ್ಡ ನಷ್ಟ ಎಂದು ನನಗೆ ಅನ್ನಿಸಿದ್ದು ಇದನ್ನು ಓದಿದಾಗಲೇ.

ಎಷ್ಟಿದೆ ಎಂದು ಕೇಳಿ ಸುಮ್ಮನಾಗದೆ, ಅದರಲ್ಲಿ ಎಷ್ಟು ಹರಿದು ಬರುತ್ತದೆ ಎಂದೂ ಕೇಳಬೇಕು. ಈ ಪಾಠದಲ್ಲಿ ನೆನಪಿಡಬೇಕಾದ ಸಾಲು ಇದೊಂದೇ. ಬರೆದದ್ದರಲ್ಲಿ ತಪ್ಪು ಕಂಡರೆ ವಿಜ್ಞಾನದ ಗೆಳೆಯರು ಮುಂದಿನ ಸಂಚಿಕೆಯಲ್ಲಿ ತಿದ್ದಿ ಬರೆಯಲಿ. ಕನ್ನಡದಲ್ಲೇ ಬರೆಯಲಿ ಎಂದಷ್ಟೇ ನನ್ನ ವಿನಂತಿ.